ಗುಂಡಿ ತಪಾಸಣೆ

ನಮ್ಮೂರಲ್ಲಿ ಸುಳ್ಳು ಹೇಳಿದರೆ ಏನೂ ಆಗುವುದಿಲ್ಲ. ಹಾಲಿಗೆ ನೀರು ಹಾಕಿಲ್ಲ ಅನ್ನಬಹುದು, ಲಾರಿ ಆಗಲೇ ಹೊರಟಿದೆ ಅನ್ನಬಹುದು. ಬ್ಲೌಸು ಸಾಯಂಕಾಲಕ್ಕೆ ಕೊಡುತ್ತೇನೆ ಅಂತ ನಾನೇ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಆದರೆ ಯಾರಾದರೂ ಮುಖ ನೋಡಿ "ಏನಾಯ್ತು?" ಅಂತ ಕೇಳಿದಾಗ, ಒಳಗೆ ಏನೋ ಆಗಿದ್ದೂ "ಏನಿಲ್ಲ" ಅಂದರೆ, ಮೈಮೇಲಿನ ಅಂಗಿಯಿಂದ ಒಂದು ಗುಂಡಿ ಕಳಚಿ ಕೆಳಗೆ ಬೀಳುತ್ತದೆ. ದಾರ ಎಷ್ಟು ಗಟ್ಟಿಯಿದ್ದರೂ ಬೀಳುತ್ತದೆ. ನಿನ್ನೆ ತಾನೇ ಹೊಲಿದಿದ್ದರೂ ಬೀಳುತ್ತದೆ.

ಇದಕ್ಕೆ ಊರು ಒಗ್ಗಿಹೋಗಿದೆ. ಐವತ್ತು ದಾಟಿದ ಗಂಡಸರು ಬನಿಯನ್ನು, ಟವಲಿನಲ್ಲೇ ಕಾಲ ಹಾಕುತ್ತಾರೆ. ಓಟು ಕೇಳಲು ಬರುವವರ ಜುಬ್ಬಕ್ಕೆ ಜಿಪ್ಪು ಇರುತ್ತದೆ. ಹೆಂಗಸರದ್ದು ಹುಕ್ಕು, ಹುಕ್ಕಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಆದ್ದರಿಂದ ನಮ್ಮೂರ ಹೆಂಗಸರಿಗೆ ಎಂದೂ ಏನೂ ಆಗಿರುವುದಿಲ್ಲ. ಸಾವಿನ ಮನೆಗೆ ಹೋದರೂ "ಏನಾಯ್ತು" ಅಂತ ಕೇಳುವವರಿಲ್ಲ, "ನೀರು ಕುಡಿದ್ರಾ" ಅಂತಾರೆ. ನಾಲ್ಕು ಜನರ ಮುಂದೆ ಒಬ್ಬನನ್ನು "ಏನಾಯ್ತು?" ಅಂದರೆ ಕಪಾಳಕ್ಕೆ ಹೊಡೆದ ಹಾಗೆ. ಉಳಿದವರು ಮಕ್ಕಳು. ಅವರು ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಾರೆ, ಅವರ ಯೂನಿಫಾರ್ಮ್ ಅಂಗಿಗೆ ಆರು ಗುಂಡಿ ಇರುತ್ತವೆ.

ಆ ಅಂಗಿ ಹೊಲಿಯುವವಳು ನಾನು. ಹೈಸ್ಕೂಲಿನ ಎದುರಿಗೇ ನನ್ನ ಅಂಗಡಿ. ಟೈಲರ್ ಹೊಂಬಾಳಮ್ಮ ಅಂದರೆ ಸುಣ್ಣದ ಗೂಡುಗಳ ಆಚೆಯವರೆಗೂ ಗೊತ್ತು, ಹೊಲಿಗೆಗೂ ಬಾಯಿಗೂ. ಗುಂಡಿ ಹಾಕಿಸಲು ಬಂದ ಮಗುವನ್ನು ನಾನು ಬೈಯದೆ ಕಳಿಸಿದ್ದಿಲ್ಲ. "ಎಂಟನೇ ಕ್ಲಾಸಿಗೇ ಎಂಥದೋ ನಿನಗೆ ಚಿಂತೆ? ಹೆಂಡ್ತಿ ಓಡೋದ್ಲಾ?" ಅಂತಿದ್ದೆ. ಅವು ನಗುತ್ತಿದ್ದವು. ಅವರ ತಾಯಂದಿರಿಗೆ ಇನ್ನೊಂದು ಮಾತು ಹೇಳುತ್ತಿದ್ದೆ: "ನಮ್ಮ ಭೂಮಿಕ ಹತ್ತನೇ ಕ್ಲಾಸು. ಈ ವರ್ಷ ಅವಳ ಅಂಗೀದು ಒಂದೇ ಒಂದು ಗುಂಡಿ ಬಿದ್ದಿಲ್ಲ. ಮಕ್ಕಳನ್ನ ಬೆಳೆಸೋದು ಅಂದ್ರೆ ಹಂಗೆ." ನನ್ನ ಗಂಡ ಸುಣ್ಣದ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಹಾಗಾಗಿ ಬೆಳೆಸಿದ ಹೆಗ್ಗಳಿಕೆಯೆಲ್ಲ ನನ್ನದೇ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಮೇಲಿನ ಕಚೇರಿಯಿಂದ ಶಾಲೆಗೆ ಒಂದು ಸುತ್ತೋಲೆ ಬಂತು. ಹದಿಹರೆಯದ ಮಕ್ಕಳ ಮನಸ್ಸು ಸರಿಯಿದೆಯೋ ಇಲ್ಲವೋ ನೋಡಬೇಕಂತೆ. ಅದಕ್ಕೆ ಪ್ರತಿ ಶಾಲೆಯಲ್ಲೂ ಗುಂಡಿ ತಪಾಸಣೆ ಮಾಡಿ, ಗುಂಡಿ ಬಿದ್ದ ಮಕ್ಕಳನ್ನು ಪಟ್ಟಿ ಮಾಡಬೇಕಂತೆ. ಒಳ್ಳೆಯ ಆಲೋಚನೆಯೇ. ಆದರೆ ಸುತ್ತೋಲೆ ಟೈಪು ಮಾಡಿದ ಗುಮಾಸ್ತ "ಗುಂಡಿ ತಪಾಸಣೆ" ಅನ್ನುವ ಕಡೆ "ಗುಂಡಿಗೆ ತಪಾಸಣೆ" ಅಂತ ಒಂದು ಅಕ್ಷರ ಜಾಸ್ತಿ ಒತ್ತಿದ್ದ. ಸರಿ, ಹೃದಯದ ಡಾಕ್ಟರು ಬಂದರು. ನಾಲ್ಕು ಜನ ಹೊತ್ತು ತಂದ ಯಂತ್ರದಲ್ಲಿ ನಾನೂರ ಹನ್ನೆರಡು ಮಕ್ಕಳ ಎದೆಬಡಿತ ಬರೆದುಕೊಂಡು, ಎಲ್ಲರ ಗುಂಡಿಗೆಯೂ ಗಟ್ಟಿಯಾಗಿದೆ ಅಂತ ರುಜು ಹಾಕಿ, ಎಳನೀರು ಕುಡಿದು ಹೋದರು.

ಕಚೇರಿಯವರು ತಪ್ಪು ತಿದ್ದಿ ಇನ್ನೊಂದು ಕಾಗದ ಕಳಿಸಿದರು: "ಶಾಲೆಯಲ್ಲಿ ಬಿದ್ದಿರುವ ಗುಂಡಿಗಳ ಬಗ್ಗೆ ತುರ್ತು ಕ್ರಮ ಕೈಗೊಳ್ಳುವುದು." ಅದರ ಒಂದು ಪ್ರತಿ ರಸ್ತೆ ಇಲಾಖೆಗೆ ಹೋಯಿತು. ಮೂರನೇ ದಿನ ಜಲ್ಲಿ ಲಾರಿ, ಡಾಂಬರು ಡ್ರಮ್ಮು ಶಾಲೆಯ ಗೇಟಿಗೆ ಬಂದು ನಿಂತವು. ಇಂಜಿನಿಯರು ಮೈದಾನ ಸುತ್ತಿದ. ಅವನ ಕಣ್ಣಿಗೆ ಕಂಡ ಗುಂಡಿ ಒಂದೇ, ಮಕ್ಕಳು ಉದ್ದ ಜಿಗಿತ ಆಡುವ ಮರಳುಗುಂಡಿ. ಅದನ್ನು ಜಲ್ಲಿ ತುಂಬಿ, ಡಾಂಬರು ಹಾಕಿ, ರೋಲರು ಹೊಡೆಸಿ, "ಗುಂಡಿ ಮುಚ್ಚಲಾಗಿದೆ" ಅಂತ ಬರೆದು ಫೋಟೋ ತೆಗೆದುಕೊಂಡು ಹೋದ. ಡ್ರಿಲ್ ಮೇಷ್ಟ್ರು ಡಾಂಬರಿನ ಮೇಲೆ ಕೂತು ಅತ್ತರು. ಹೆಡ್‌ಮೇಷ್ಟ್ರು "ಏನಾಯ್ತು?" ಅಂದಾಗ "ಏನಿಲ್ಲ ಸಾರ್" ಅಂದರು. ಅವರ ಗುಂಡಿ ಹಾಕಿಕೊಟ್ಟವಳೂ ನಾನೇ.

ಕೊನೆಗೂ ಬರಬೇಕಾದವರು ಬಂದರು. ಸುಮೇಧಾ ಮೇಡಂ ಅಂತ, ಮನಸ್ಸಿನ ವಿಷಯ ಓದಿಕೊಂಡವರು. ಚಿಕ್ಕ ವಯಸ್ಸು, ಹೆಗಲಿಗೊಂದು ಚೀಲ, ಸುತ್ತಲ ಮೂವತ್ತೆಂಟು ಶಾಲೆಗೂ ಅವರೊಬ್ಬರೇ. ಹೆಡ್‌ಮೇಷ್ಟ್ರು ಶಿವನಂಜಯ್ಯನವರು ನನಗೂ ಹೇಳಿಕಳಿಸಿದ್ದರು, ಸೂಜಿ ದಾರದ ಡಬ್ಬಿ ಸಮೇತ ಬಂದು ಸಭಾಂಗಣದ ಬಾಗಿಲಲ್ಲಿ ಕೂರು, ಮುಂಜಾಗ್ರತೆಗೆ ಅಂತ. ಶಿವನಂಜಯ್ಯನವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಉದ್ದ ಕ್ಲೋಸ್ ಕಾಲರ್ ಕೋಟು, ಅದರ ಏಳು ಗುಂಡಿಗಳೂ ಸದಾ ಭದ್ರ. ಅವರಿಗಿದ್ದದ್ದು ಒಂದೇ ಆಸೆ. ಒಂದೂ ಗುಂಡಿ ಬೀಳದ ಶಾಲೆಗೆ ಕಚೇರಿಯವರು 'ಗುಂಡಿಭದ್ರ ಶಾಲೆ' ಅಂತ ಫಲಕ ಕೊಡುತ್ತಾರೆ. ನಿವೃತ್ತಿಯ ಒಳಗೆ ಆ ಫಲಕ ಗೋಡೆಗೆ ಹತ್ತಬೇಕು.

"ಒಬ್ಬೊಬ್ಬರನ್ನೇ ಬೇರೆ ಕೋಣೇಲಿ ಕೂರಿಸ್ಕೊಂಡು ಕೇಳಬೇಕು ಸಾರ್," ಅಂದರು ಸುಮೇಧಾ ಮೇಡಂ.

"ನಾನೂರ ಹನ್ನೆರಡು ಜನ ಮೇಡಂ. ನಿಮ್ಮ ಬಸ್ಸು ಮೂರು ಗಂಟೆಗೆ. ಒಟ್ಟಿಗೇ ಕೇಳಿಬಿಡಿ. ನಮ್ಮ ಮಕ್ಕಳು ಶಿಸ್ತಿನವರು, ಒಂದೇ ದನೀಲಿ ಹೇಳ್ತವೆ," ಅಂದ ಹೆಡ್‌ಮೇಷ್ಟ್ರು ಆಕೆ ಬಾಯಿ ತೆರೆಯುವ ಮೊದಲೇ ಮೈಕು ಹಿಡಿದು ತಾವೇ ಕೂಗಿದರು: "ಮಕ್ಕಳೇ, ಏನಾಯ್ತು?"

"ಏನಿಲ್ಲಾ ಸಾರ್!"

ಆಮೇಲೆ ಕೇಳಿದ ಸದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಸಿಮೆಂಟು ನೆಲದ ಮೇಲೆ ಬಿಳಿ ಗುಂಡಿಗಳು ಕುಣಿದವು, ಉರುಳಿದವು, ಬೆಂಚಿನ ಕೆಳಗೆ ಹೋಗಿ ಸುತ್ತು ಹಾಕಿ ಮಲಗಿದವು. ಮಕ್ಕಳು ಅಂಗಿ ಅಂಗಿ ಹಿಡಿದುಕೊಂಡು ನೆಲ ನೋಡುತ್ತಿದ್ದವು. ನಾನು ಮೂರನೇ ಸಾಲಿನಲ್ಲಿದ್ದ ಭೂಮಿಕಳನ್ನು ನೋಡಿದೆ. ಎದೆಯ ಮೇಲೆ ಕೈ ಕಟ್ಟಿ ನೆಟ್ಟಗೆ ನಿಂತಿದ್ದಳು. ನೋಡು, ನನ್ನ ಮಗಳು ಅಂದರೆ ಹೀಗೆ ಅಂದುಕೊಂಡೆ.

ಜವಾನ ಗುಡಿಸಿದ. ಒಂದು ಮೊರ ತುಂಬಿತು. "ಇದೇನು ಸಾರ್ ಇದು?" ಅಂತ ಮೇಡಂ ಮೊರಕ್ಕೆ ಕೈ ಹಾಕಿದರು.

"ಹುಣಸೆಬೀಜ ಮೇಡಂ. ಮಕ್ಕಳು ಚೌಕಾಬಾರ ಆಡ್ತವೆ."

"ಬಿಳೀ ಹುಣಸೆಬೀಜಾನಾ?"

"ನಮ್ಮೂರು ಸುಣ್ಣದ ಊರಲ್ವಾ ಮೇಡಂ."

ಆಕೆ ನಗಲಿಲ್ಲ. ಗುರುವಾರ ಮತ್ತೆ ಬರುತ್ತೇನೆ, ಯಾರ ಅಂಗಿಯಲ್ಲಿ ಗುಂಡಿ ಕಮ್ಮಿಯಿದೆಯೋ ಆ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಮಾತಾಡುತ್ತೇನೆ, ಮೂರು ಗಂಟೆಯ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಅಂದು ಹೋದರು.

ಮಂಗಳವಾರ ಬೆಳಿಗ್ಗೆ ಶಾಲೆಯ ಅಂಗಿಗಳೆಲ್ಲ ಗೋಣಿಚೀಲಗಳಲ್ಲಿ ನನ್ನ ಅಂಗಡಿಗೆ ಬಂದವು. ಎರಡು ದಿನ ಮಕ್ಕಳಿಗೆ ಬಣ್ಣದ ಬಟ್ಟೆ. "ಬುಧವಾರ ಸಾಯಂಕಾಲದೊಳಗೆ ಎಲ್ಲಾ ಭರ್ತಿ ಆಗಬೇಕು ಹೊಂಬಾಳಮ್ಮ," ಅಂದರು ಹೆಡ್‌ಮೇಷ್ಟ್ರು. "ಊರಿನ ಮಾನ ನಿನ್ನ ಸೂಜೀಲಿದೆ." ನಾನು ಇಲ್ಲ ಅನ್ನಲಿಲ್ಲ. ಅದನ್ನು ಯಾರ ಮೇಲೂ ಹಾಕುವುದಿಲ್ಲ. ಊರಿನ ಮಾನ ನನ್ನ ಸೂಜಿಯಲ್ಲಿದೆ ಅಂದದ್ದು ನನಗೆ ಹಿತವಾಗಿಯೇ ಇತ್ತು.

ಹಿಂದೆಯೇ ತಾಯಂದಿರ ದಂಡು ಬಂತು. ಮುಂದಾಳು ಸೊಸೈಟಿ ಶಕುಂತಲಮ್ಮ, ಕೈಯಲ್ಲಿ ಮೀನು ಹಿಡಿಯುವ ನೈಲಾನ್ ದಾರದ ಉಂಡೆ.

"ಹೊಂಬಾಳಕ್ಕ, ನಮ್ಮ ಚೇತುದು ಇದರಲ್ಲಿ ಹಾಕು. ಹತ್ತು ಸೇರು ಮೀನಿಗೇ ಕಿತ್ತೋಗಲ್ಲವಂತೆ."

"ನಿನ್ನ ಮಗನ ಸಂಕಟ ಹತ್ತು ಸೇರು ಅಂತ ಯಾರು ತೂಗಿದ್ರು?"

"ಸಂಕಟ ಏನೂ ಇಲ್ಲ ಕಣಕ್ಕ ಅವನಿಗೆ! ಮೂರು ಟ್ಯೂಷನ್ನು, ಬಾದಾಮಿ ಹಾಲು, ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸ್ತೀನಿ, ಆಟಕ್ಕೆ ಕಳ್ಸಲ್ಲ, ಟೀವಿ ಕಿತ್ತು ಅಟ್ಟಕ್ಕೆ ಹಾಕಿದೀನಿ. ಇನ್ನೇನು ಕಮ್ಮಿ ಮಾಡಿದೀನಿ ಹೇಳು?"

"ಬೀಗ ಒಂದು ಕಮ್ಮಿ," ಅಂದೆ. ಆದರೂ ಆಕೆಯ ನೈಲಾನ್ ದಾರದಲ್ಲೇ ಹಾಕಿಕೊಟ್ಟೆ. ಅದರಿಂದ ಪ್ರಯೋಜನವಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಎರಡು ದಿನ ತಲೆ ಎತ್ತದೆ ಹೊಲಿದೆ. ಯಾವ ಅಂಗಿಗೆ ಎಷ್ಟು ಅಂತ ಇಡೀ ಊರಲ್ಲಿ ತಿಳಿದವಳು ನಾನೊಬ್ಬಳೇ ಆದೆ. ಮೊದಲ ರ‍್ಯಾಂಕಿನವನ ಅಂಗಿಯಲ್ಲೂ ಗುಂಡಿ ಕಮ್ಮಿ, ಕೊನೆಯ ಬೆಂಚಿನವನದರಲ್ಲೂ ಕಮ್ಮಿ. ಬುಧವಾರ ಮಧ್ಯಾಹ್ನ ತಳದ ಚೀಲದಲ್ಲಿ ಭೂಮಿಕಳ ಅಂಗಿ ಸಿಕ್ಕಿತು. ಆರಕ್ಕೆ ಆರೂ ಇದ್ದವು. ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಹುಡುಗಿಗೆ ತೋರಿಸೋಣ ಅಂತ ಎತ್ತಿ ಹಿಡಿದೆ. ಹಿಡಿದವಳು ಹಾಗೇ ಕೆಳಗಿಟ್ಟೆ.

ಆ ಗುಂಡಿ ನಾನು ಹಾಕಿದ್ದಲ್ಲ. ನಾನು ಹಾಕುವುದು ಅಡ್ಡ ಹೊಲಿಗೆ, ಕತ್ತರಿ ಗುರುತಿನ ಹಾಗೆ. ಆಮೇಲೆ ಗುಂಡಿಯ ಕೊರಳಿಗೆ ಮೂರು ಸುತ್ತು ದಾರ ಸುತ್ತಿ ಹಿಂದೆ ಗಂಟು ಹಾಕುತ್ತೇನೆ. ನಮ್ಮಮ್ಮ ಹಾಗೆ ಹಾಕುತ್ತಿದ್ದಳು, ಕೈಗೆ ಬೇರೆ ಬರುವುದಿಲ್ಲ. ಇವು ಎರಡು ನೇರ ಗೆರೆ, ಕೊರಳಿಗೆ ಸುತ್ತಿಲ್ಲ. ಆರೂ ಹಾಗೇ. ಅಂಗಿಯನ್ನು ಒಳಮಗ್ಗುಲು ತಿರುಗಿಸಿದೆ. ಗುಂಡಿಯ ಕೆಳಗಿನ ಬಟ್ಟೆ ಸೂಜಿ ಹೋಗಿ ಬಂದು, ಹೋಗಿ ಬಂದು ಜರಡಿಯಾಗಿತ್ತು. ಎರಡನೇ ಗುಂಡಿಯ ಜಾಗದಲ್ಲಿ ಬಟ್ಟೆ ಪೂರ್ತಿ ಹರಿದು, ಉಗುರಿನಷ್ಟು ಬಿಳಿ ತುಂಡು ಇಟ್ಟು ಸಣ್ಣ ತೇಪೆ ಹಾಕಲಾಗಿತ್ತು. ಎಷ್ಟು ನಾಜೂಕು ಅಂದರೆ, ಬೇರೆ ಯಾರದಾದರೂ ಆಗಿದ್ದರೆ ಕೆಲಸಕ್ಕೆ ಕರೆಯುತ್ತಿದ್ದೆ. ಬಟ್ಟೆ ಅಷ್ಟು ಸವೆಯಬೇಕಾದರೆ ಎಷ್ಟು ಸಲ ಬಿದ್ದಿರಬೇಕು ಅಂತ ಹೊಲಿಯುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂವತ್ತು ಸಲ. ನಲವತ್ತು ಸಲ.

ಮೊದಲು ನನಗೆ ಬಂದದ್ದು ಸಿಟ್ಟು. ಟೈಲರ್ ಮಗಳು ಕದ್ದು ಗುಂಡಿ ಹಾಕಿಕೊಂಡಿದ್ದಾಳಲ್ಲ, ನನ್ನ ಡಬ್ಬಿಯ ಸೂಜಿಯಲ್ಲೇ! ಆಮೇಲೆ ಬಂದದ್ದು ಭಯ. ಆ ಅಂಗಿಯನ್ನೂ ಮಡಚಿ ಚೀಲಕ್ಕೆ ತುಂಬಿ ಶಾಲೆಗೆ ಕಳಿಸಿಬಿಟ್ಟೆ.

ಕೇಳಿದರಾಯಿತು ಅಂತ ಮನೆಗೆ ಹೋದೆ. ಕೇಳಲು ಬಾಯಿ ತೆರೆದರೆ ಬರುವುದೆಲ್ಲ ಬೈಗುಳ. "ತಟ್ಟೆ ಮುಂದೆ ಇಟ್ಕೊಂಡು ಯಾರ ಶಾಸ್ತ್ರ ಕೇಳ್ತಿದೀಯೇ?" ಅಂದೆ. "ತಲೆ ಬಾಚ್ಕೋ, ದೆವ್ವ ಹಿಡಿದೋಳಂಗೆ ಕೂತವ್ಳೆ," ಅಂದೆ. ಮೂರೇ ಅಕ್ಷರ, ಏ-ನಾ-ಯ್ತು, ನಾಲಿಗೆಗೆ ಬರಲೊಲ್ಲದು. ಕೇಳಿ, ಅವಳು ಏನಿಲ್ಲ ಅಂದು, ಗುಂಡಿ ಬಿದ್ದರೆ? ಬೀಳುವವರೆಗೂ ಏನೂ ಆಗಿಲ್ಲ ತಾನೇ? ಊರವರನ್ನೆಲ್ಲ ಆಡಿಕೊಂಡ ನಾನು ಊರವರಂತೆಯೇ ಇದ್ದೆ.

ಗುರುವಾರ ಸುಮೇಧಾ ಮೇಡಂ ಬಂದರು. ನಾನೂರ ಹನ್ನೆರಡು ಅಂಗಿ, ಒಂದೊಂದರಲ್ಲೂ ಆರು ಗುಂಡಿ. ಹೊಲಿಗೆ ಸಾಲು ನೋಡಿ ಆಕೆಗೆ ಎಲ್ಲ ಅರ್ಥವಾಯಿತು ಅಂತ ಕಾಣುತ್ತದೆ. ಒಬ್ಬ ಹುಡುಗಿಯನ್ನು ಹತ್ತಿರ ಕರೆದು "ಏನಾಯ್ತು ಪುಟ್ಟಾ?" ಅಂದರು. ಹುಡುಗಿ ಹೆಡ್‌ಮೇಷ್ಟ್ರ ಕಡೆ ನೋಡಿ, "ತುಂಬಾ ಚೆನ್ನಾಗಿದೀನಿ ಮೇಡಂ, ಕೇಳಿದ್ದಕ್ಕೆ ವಂದನೆಗಳು ಮೇಡಂ," ಅಂದಳು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಎಲ್ಲರಿಗೂ ಅದನ್ನೇ ಬಾಯಿಪಾಠ ಮಾಡಿಸಿದ್ದರು. 'ಏನಿಲ್ಲ' ಅನ್ನದಿದ್ದರೆ ಗುಂಡಿ ಬೀಳುವುದಿಲ್ಲವಲ್ಲ. ಮೇಡಂ ಹೋಗುವಾಗ ನನ್ನ ಅಂಗಡಿಯ ಮುಂದೆ ಒಂದು ಗಳಿಗೆ ನಿಂತರು. "ನಿಮ್ಮ ಕೈ ಬಹಳ ಚುರುಕು ಅಮ್ಮ," ಅಂದರು. ಹೊಗಳಿದ್ದಲ್ಲ. ಒಂದು ಚೀಟಿಯಲ್ಲಿ ತಮ್ಮ ಫೋನ್ ನಂಬರು ಬರೆದು ಹೊಲಿಗೆ ಯಂತ್ರದ ಮೇಲೆ ಇಟ್ಟು ಹೋದರು.

ಶುಕ್ರವಾರ ಬೆಳಿಗ್ಗೆ ಭೂಮಿಕ ಯೂನಿಫಾರ್ಮ್ ಹಾಕಿಕೊಂಡು ಜಡೆಗೆ ರಿಬ್ಬನ್ನು ಕಟ್ಟುತ್ತಿದ್ದಳು. ಒಂದು ಕಡೆ ಕಟ್ಟಿ, ಇನ್ನೊಂದು ಕಡೆಯ ರಿಬ್ಬನ್ನು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿತು, ಆರಿತು, ಅವಳು ಅಲ್ಲಾಡಲಿಲ್ಲ. ನಾನು ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಏನಾಯ್ತೇ?"

ಅವಳು ಬೆಚ್ಚಿದಳು. ನನ್ನ ಬಾಯಲ್ಲಿ ಆ ಮಾತು ಅವಳು ಕೇಳಿಯೇ ಇರಲಿಲ್ಲ. "ಏನಿಲ್ಲವ್ವ."

ಮೇಲಿನ ಗುಂಡಿ ಅವಳ ತೊಡೆಯ ಮೇಲೆ ಬಿತ್ತು. ಇಬ್ಬರೂ ನೋಡಿದೆವು. ಬೈಯಬಾರದು ಅಂತ ಹಲ್ಲು ಕಚ್ಚಿದೆ.

"ಏನಾಯ್ತು?"

"ಏನಿಲ್ಲ ಅಂದ್ನಲ್ಲ." ತೇಪೆ ಹಾಕಿದ ಜಾಗದ್ದು ಬಿತ್ತು.

"ಏನಾಯ್ತು ಭೂಮಿ?"

"ಸ್ಕೂಲಿಗೆ ಹೊತ್ತಾಯ್ತದೆ, ಬಿಡು. ಏನಿಲ್ಲ." ಮೂರನೆಯದು ಉರುಳಿ ಮಂಚದ ಕೆಳಗೆ ಹೋಯಿತು. ನಾನು ಎತ್ತಿಕೊಳ್ಳಲು ಹೋಗಲಿಲ್ಲ. ಮತ್ತೆ ಕೇಳಿದೆ. ಅವಳು ಅಂಗಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನನ್ನ ಮೇಲೆ ಕಿರುಚಿದಳು: "ಏನಿಲ್ಲ! ಏನಿಲ್ಲ! ಏನಿಲ್ಲ!" ನಾಲ್ಕು, ಐದು, ಆರು. ಬೆರಳ ಸಂದಿಯಿಂದ ಜಾರಿ ಬಿದ್ದವು. ಇನ್ನು ಬೀಳಲು ಏನೂ ಇರಲಿಲ್ಲ. ಅವಳು ಬಗ್ಗಿ, ಹಣೆಯನ್ನು ನನ್ನ ಹೆಗಲಿಗೆ ಒತ್ತಿದಳು.

"ಐತೆ," ಅಂದಳು.

"ಏನೈತೆ?"

"ಅದೇ ಗೊತ್ತಾಗಲ್ಲ ಕಣವ್ವ. ಬೆಳಿಗ್ಗೆ ಕಣ್ಣು ಬಿಟ್ರೆ ಸುಣ್ಣದ ಮೂಟೆ ಎದೆ ಮೇಲೆ ಹೊರಿಸ್ದಂಗೆ ಇರ್ತದೆ. ಪುಸ್ತಕದಾಗೆ ಅಕ್ಷರ ಕಾಣ್ತವೆ, ಒಳಕ್ಕೆ ಹೋಗಲ್ಲ. ಎಲ್ರೂ ನಗ್ವಾಗ ನಾನೂ ನಗ್ತೀನಿ, ಆಮೇಲೆ ಸುಸ್ತಾಯ್ತದೆ."

"ಎಷ್ಟು ದಿನದಿಂದ?"

"ದಸರಾ ರಜದಿಂದ. ಒಂದೊಂದು ದಿನ... ಏಳದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ."

ಅವಳ ಎರಡೂ ಕೈ ಹಿಡಿದುಕೊಂಡೆ. "ನನ್ನ ಹತ್ರ ಯಾಕೆ ಹೇಳ್ಲಿಲ್ಲ ನೀನು?"

"ಅಂಗಡೀಲಿ ಎಲ್ರಿಗೂ ಹೇಳ್ತೀಯಲ್ಲ, ನನ್ನ ಮಗಳದು ಒಂದೂ ಬಿದ್ದಿಲ್ಲ ಅಂತ. ಬಿದ್ರೆ ನಿಂಗೇ ಅವಮಾನ ಅಲ್ವಾ?"

ಬೇರೆ ಬಟ್ಟೆ ಹಾಕಿಸಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ಯಂತ್ರದ ಮೇಲಿನ ಚೀಟಿ ಹುಡುಕಿ ಫೋನು ಮಾಡಿದೆ. ಸುಮೇಧಾ ಮೇಡಂ ದನಿ ಬಸ್ಸಿನ ಗದ್ದಲದೊಳಗಿಂದ ಬಂತು. ನಮ್ಮ ಶಾಲೆಯಿಂದ ಸೊನ್ನೆ ವರದಿ ಹೋಗಿದ್ದರಿಂದ ನಮ್ಮೂರಿಗೆ ಇನ್ನು ಆಕೆಯ ಅಗತ್ಯವಿಲ್ಲವೆಂದು ಆಕೆಯನ್ನು ಘಟ್ಟದ ಕೆಳಗಿನ ಶಾಲೆಗಳಿಗೆ ಹಾಕಿದ್ದರು. ಆದೇಶ ಇಲ್ಲದೆ ಬರುವ ಹಾಗಿಲ್ಲ. ಆದರೂ ಆಕೆ ಬಸ್ಸಿನಿಂದ ಇಳಿದು ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಭೂಮಿಕಳ ಜೊತೆ ಅರ್ಧ ಗಂಟೆ ಮಾತಾಡಿದರು. ಆಮೇಲೆ ನನಗೆ ಹೇಳಿದರು: "ಒಬ್ಬಳನ್ನೇ ಬಿಡಬೇಡಿ. ಬೈಯಬೇಡಿ. ದಿನಾ ಸಂಜೆ ನಾನು ಫೋನ್ ಮಾಡ್ತೀನಿ. ಆದರೆ ಎದುರಿಗೆ ಕೂತು ಮಾತಾಡೋರು ಬೇಕಮ್ಮ ಇವಳಿಗೆ. ಇವಳೊಬ್ಬಳಿಗೇ ಅಲ್ಲ." ಊರ ಡಾಕ್ಟರಿಗೂ ತೋರಿಸಿದೆ. ಅವರು ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಕಮ್ಮಿ ಅಂತ ಟಾನಿಕ್ಕು ಬರೆದರು.

ಹೆಡ್‌ಮೇಷ್ಟ್ರ ಹತ್ತಿರ ಹೋದೆ. "ಸೊನ್ನೆ ತಿದ್ದಿ ಸಾರ್. ನನ್ನ ಮಗಳದ್ದೇ ಬಿದ್ದಿದೆ. ಎಲ್ಲಾ ಮಕ್ಕಳದ್ದೂ ಬಿದ್ದಿದೆ, ಹೊಲಿದೋಳು ನಾನು."

"ಈಗ ಹೆಂಗಮ್ಮ? ಬುಧವಾರ ಫಲಕ ಕೊಡೋಕೆ ಸಾಹೇಬ್ರು ಬರ್ತಿದಾರೆ. ಶಾಮಿಯಾನ ಹೇಳಾಗಿದೆ," ಅಂದ ಅವರು ದನಿ ತಗ್ಗಿಸಿದರು. "ನಿಂಗೇ ಇನ್ನೊಂದು ಕೆಲಸ ಕೊಡಬೇಕು ಅಂತಿದ್ದೆ. ಮುಂದಿನ ವರ್ಷದಿಂದ ಗುಂಡಿನೇ ಇಲ್ಲದ ಅಂಗಿ. ತಲೆ ಮೇಲಿಂದ ಹಾಕ್ಕೊಳ್ಳೋದು. ಸಮಸ್ಯೆ ಬೇರು ಸಮೇತ ಹೋಯ್ತು."

"ಬೇರು ಅಂಗೀಲಿದೆಯಾ ಸಾರ್?"

"ವರದಿ ಇರೋದು ಅಂಗಿ ಮೇಲೇ ಕಣಮ್ಮ."

ಮೇಲಿನ ಕಚೇರಿಗೂ ಹೋದೆ, ಭೂಮಿಕಳನ್ನು ಜೊತೆಯಲ್ಲೇ ಕರೆದುಕೊಂಡು. ಅವಳನ್ನು ಹೊರಗೆ ಬೆಂಚಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಕೂರಿಸಿ ಒಳಗೆ ಕೇಳಿದೆ. ಗುಮಾಸ್ತ ಫೈಲು ತೆರೆದು ಡಾಂಬರು ಹಾಕಿದ ಫೋಟೋ ತೋರಿಸಿದ. "ನಿಮ್ಮ ಶಾಲೆ ಗುಂಡಿ ಮುಚ್ಚಲಾಗಿದೆ ಅಂತ ಇದೆಯಲ್ಲಮ್ಮ. ಮುಚ್ಚಿದ ಫೈಲು ತೆರೀಬೇಕಾದ್ರೆ ಶಾಲೆ ಆವರಣದೊಳಗೆ, ಅಧಿಕಾರಿ ಸಮಕ್ಷಮ, ಒಂದು ಗುಂಡಿ ಬೀಳಬೇಕು. ನಿಯಮ ಒಂಬತ್ತು. ಮಗಳನ್ನ ಬುಧವಾರ ಸ್ಟೇಜಿಗೆ ಹತ್ತಿಸಿ, ಸಾಹೇಬ್ರೇ ಕೇಳ್ತಾರೆ."

ಕಿಟಕಿಯಿಂದ ನೋಡಿದೆ. ಭೂಮಿಕ ಬೆಂಚಿನ ಮೇಲೆ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಅವಳನ್ನು ಊರ ಮುಂದೆ ನಿಲ್ಲಿಸಿ ಉದುರಿಸುವುದೇ? ಸತ್ತರೂ ಇಲ್ಲ ಅಂದುಕೊಂಡೆ. ಹಾಗಾದರೆ ಬೇರೆ ಯಾರದಾದರೂ ಬೀಳಬೇಕು.

ಬುಧವಾರ ಶಾಮಿಯಾನದ ಕೆಳಗೆ ಊರೆಲ್ಲ ಸೇರಿತ್ತು. ವೇದಿಕೆಯ ಮೇಲೆ ಸಾಹೇಬರು, ಅವರ ಗುಮಾಸ್ತ, ಹೆಡ್‌ಮೇಷ್ಟ್ರು, ಹೂವಿನ ಹಾರ ಹಾಕಿದ ಫಲಕ. ಭೂಮಿಕಳನ್ನು ನನ್ನ ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದೆ. ಸಾಹೇಬರು ಫಲಕ ಎತ್ತಿ ಹೆಡ್‌ಮೇಷ್ಟ್ರ ಕೈಗೆ ಕೊಡುವಾಗ ನಾನು ಎದ್ದು ನಿಂತೆ. ನನ್ನ ದನಿಗೆ ಮೈಕು ಬೇಕಿಲ್ಲ.

"ಮೇಷ್ಟ್ರೇ! ಏನಾಯ್ತು?"

ಅಷ್ಟು ಜನರ ಮುಂದೆ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಹಿಂದಿನಿಂದ ಶಕುಂತಲಮ್ಮ "ಕೂತ್ಕೊಳ್ಳೇ ಬಜಾರಿ!" ಅಂದಳು. ನಾನು ಲೆಕ್ಕ ಹಾಕಿದ್ದು ಇಷ್ಟೇ: ಫಲಕ ಸುಳ್ಳಿನದು, ಆ ಮುಜುಗರ ಒಳಗೆ ಇದ್ದೇ ಇರುತ್ತದೆ, ಒಂದು ಗುಂಡಿಗಾದರೂ ಅದು ಸಾಕು.

ಹೆಡ್‌ಮೇಷ್ಟ್ರು ನಗಲು ನೋಡಿದರು. ಬಾಯಿಪಾಠ ಮಾಡಿಸಿದ್ದ ವಾಕ್ಯ ಅವರಿಗೇ ನೆನಪಾಗಲಿಲ್ಲ. "ಏ... ಏನಿಲ್ಲಮ್ಮ," ಅಂದರು. ಕೋಟಿನ ಕೊರಳ ಗುಂಡಿ ಹಾರಿ ಮೈಕಿಗೆ ಬಡಿದು 'ಟಣ್' ಅಂತ ಊರಿಗೆಲ್ಲ ಕೇಳಿಸಿತು.

ಜನ ನಕ್ಕರು. ಸಾಹೇಬರು ಸಿಡಿಮಿಡಿಗೊಂಡು, "ಏನ್ರೀ ಇದು? ಏನಾಯ್ತು ನಿಮಗೆ?" ಅಂದರು. "ಏನಿಲ್ಲ ಸಾರ್." ಇನ್ನೊಂದು. "ಏನಾಯ್ತು ಅಂದೆ!" "ಏನಿಲ್ಲ ಸಾರ್, ಏನಿಲ್ಲ." ಮತ್ತೆ ಎರಡು. ಸಾಹೇಬರು ಕೇಳುತ್ತಲೇ ಹೋದರು, ನಗು ಕಡಿಮೆಯಾಗುತ್ತ ಬಂತು. ಏಳೂ ಬಿದ್ದು ಕೋಟು ತೆರೆದುಕೊಂಡಾಗ ಯಾರೂ ನಗುತ್ತಿರಲಿಲ್ಲ. ಒಳಗೆ ಹಳೆಯ ಬನಿಯನ್ನು, ಅದರ ಕೆಳಗೆ ಹೊಟ್ಟೆ ಬೆನ್ನಿಗೆ ಹತ್ತಿದ ಒಬ್ಬ ಮುದುಕ. ಫಲಕವನ್ನು ಅವರು ಎದೆಗೆ ಅಡ್ಡ ಹಿಡಿದರು.

"ಮನೆಯವಳು ಹೋದ್ಮೇಲೆ ನಿದ್ದೆ ಬಂದಿಲ್ಲ ಸಾರ್," ಅಂದರು ಅವರು, ಮೈಕು ಮುಂದಿದೆ ಅಂತ ಮರೆತು. "ಎರಡು ವರ್ಷ ಆಯ್ತು. ಇದೊಂದು ಗೋಡೆಗೆ ಹತ್ತಿದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ."

ನಾನು ಕೂತುಬಿಟ್ಟೆ. ಬಲೆ ಹಾಕಿದ್ದು ಸುಳ್ಳಿಗೆ, ಸಿಕ್ಕಿದ್ದು ಇದು. ಆ ಕೋಟು ಹೊಲಿದುಕೊಟ್ಟ ನಾನಾದರೂ ಅವರನ್ನು ಕೇಳಿದ್ದೆನೇ?

ಗುಮಾಸ್ತ ಮಾತ್ರ ಪೆನ್ನಿನ ಮುಚ್ಚಳ ತೆಗೆದಿದ್ದ. "ಸಾರ್, ನಿಯಮ ಒಂಬತ್ತು. ಆವರಣದೊಳಗೆ ಬಿದ್ದಿದೆ, ತಮ್ಮ ಸಮಕ್ಷಮ ಬಿದ್ದಿದೆ."

"ಅದು ಮಕ್ಕಳ ಗುಂಡಿಗಲ್ವೇನ್ರೀ?"

"ಮಕ್ಕಳದ್ದು ಅಂತ ಬರೆದಿಲ್ಲ ಸಾರ್. ಗುಂಡಿ ಅಂತ ಅಷ್ಟೇ ಇದೆ."

ನಿಯಮ ಅಂದರೆ ನಿಯಮ. ಫೈಲು ತೆರೆಯಿತು. ಫಲಕವನ್ನು ಹಾರದ ಸಮೇತ ಜೀಪಿಗೆ ಹಾಕಿಕೊಂಡು ಹೋದರು. ಮುಂದಿನ ವಾರದಿಂದ ಪ್ರತಿ ಮಂಗಳವಾರ ಸುಮೇಧಾ ಮೇಡಂ ನಮ್ಮ ಶಾಲೆಗೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ಅಂತ ಆದೇಶವಾಯಿತು. ಆದೇಶದಲ್ಲಿ ಕಾರಣ: "ಗುಂಡಿ ಪುನಃ ಬಿದ್ದಿರುವುದರಿಂದ." ಅದರ ಪ್ರತಿ ರಸ್ತೆ ಇಲಾಖೆಗೂ ಹೋಗಿ, ಜಲ್ಲಿ ಲಾರಿ ಇನ್ನೊಂದು ಸಲ ಬಂತು. ಈ ಸಲ ಡ್ರಿಲ್ ಮೇಷ್ಟ್ರು ಗೇಟಿಗೆ ಅಡ್ಡ ಮಲಗಿದರು.

ಮೊದಲ ಮಂಗಳವಾರ ನಾನು ಅಂಗಡಿ ಮುಚ್ಚಿ ಭೂಮಿಕಳ ಜೊತೆ ಹೋದೆ. ಲ್ಯಾಬಿನ ಪಕ್ಕದ ಕೋಣೆ, ಹೊರಗೆ ಒಂದು ಉದ್ದ ಬೆಂಚು. ಬೆಂಚಿನ ಮೇಲೆ ಹನ್ನೊಂದು ಮಕ್ಕಳು, ನೈಲಾನ್ ದಾರದ ಚೇತು ಕೂಡ. ಕೊನೆಯಲ್ಲಿ, ಮಕ್ಕಳಿಗೆ ಜಾಗ ಬಿಟ್ಟು, ಕೋಟು ಇಲ್ಲದೆ ಬರೀ ಅಂಗಿಯಲ್ಲಿ ಹೆಡ್‌ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ನಾನು ಹೋಗಿ ಪಕ್ಕದಲ್ಲೇ ನಿಂತೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. "ಕೋಟು ಕಳ್ಸಿ ಸಾರ್, ಹಾಕ್ಕೊಡ್ತೀನಿ," ಅಂದೆ.

"ಇರ್ಲಿ ಬಿಡಮ್ಮ. ಸೆಕೆ," ಅಂದರು.

ಭೂಮಿಕ ಒಳಗೆ ಹೋಗಿ ಮುಕ್ಕಾಲು ಗಂಟೆ ಆಯಿತು. ಬಾಗಿಲು ತೆರೆದಾಗ ಅವಳ ಕಣ್ಣು ಕೆಂಪಗಿದ್ದವು. ಏನು ಕೇಳಿದರು, ನೀನೇನು ಹೇಳಿದೆ, ನನ್ನ ಬಗ್ಗೆ ಏನು ಹೇಳಿದೆ ಅಂತ ನೂರು ಮಾತು ನಾಲಿಗೆಯ ತುದಿಗೆ ಬಂದವು, ನುಂಗಿದೆ. ಅವಳೇ ನನ್ನ ಕೈ ಎಳೆದು ಅಂಗೈ ಬಿಡಿಸಿ ಎರಡು ಗುಂಡಿ ಇಟ್ಟಳು.

"ಎರಡೇನಾ?" ಅಂದೆ.

"ಮೂರನೇ ಸಲಕ್ಕೆ ಹೇಳ್ಬಿಟ್ಟೆ," ಅಂದಳು.